ನಾಣ್ಯ ಶುಚೀಕರಣ: ಸುಲೇಪೇಟ, ಸೇಡಂ, ಚಿತ್ತಾಪುರ ಸೀಮೆ

ಹಳೆಯ ನಾಣ್ಯದ ಮೇಲಿನ ಮಣ್ಣು, ಜಿಡ್ಡು, ಕಿಲುಬು, ಕಪ್ಪು ತೆಗೆಯುವ ಕೆಲಸಕ್ಕೆ ನಾಣ್ಯ ಶುಚೀಕರಣ ಎನ್ನುತ್ತಾರೆ. ಮಣ್ಣು, ಜಿಡ್ಡು ಹೊರಗಿನಿಂದ ಅಂಟಿದವು. ಕಿಲುಬು, ಕಪ್ಪು ಹಾಗಲ್ಲ. ನಾಣ್ಯದ ಲೋಹವೇ ಮಾರ್ಪಟ್ಟು ಆದವು. ಮೊದಲಿನವನ್ನು ತೊಳೆಯಬಹುದು. ಎರಡನೆಯವನ್ನು ಕೆರೆದರೆ ಅಕ್ಷರದ ಅಂಚೂ ಜೊತೆಗೆ ಹೋಗುತ್ತದೆ.

ಕಲಬುರಗಿ ಜಿಲ್ಲೆಯ ಸುಲೇಪೇಟ, ಸೇಡಂ, ಚಿತ್ತಾಪುರ ಸೀಮೆಗೆ ಎರಡು ಸಾವಿರ ವರ್ಷಗಳ ನಾಣ್ಯಚರಿತ್ರೆ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಗಳು ಶಾತವಾಹನರ ನೆಲೆಗಳು. ಆ ಅರಸರು ಸೀಸದಲ್ಲಿ ಹೇರಳವಾಗಿ ನಾಣ್ಯ ಅಚ್ಚುಹಾಕಿಸಿದರು. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರದೇ ಎಂದು ಖಚಿತವಾಗಿ ಹೇಳಬಹುದಾದ ನಾಣ್ಯಗಳು ಬಹಳ ವಿರಳ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ತಾಮ್ರದ ನಾಣ್ಯ ಹೆಚ್ಚಿತು. ಕೊನೆಗೆ ಬಂದದ್ದು ನಿಜಾಮರ ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿಗೆ ಇಲ್ಲಿ ಕಲದಾರ್ ಎಂದು ಹೆಸರಿತ್ತು. 1950ರಲ್ಲಿ 7 ಹಾಲಿ ರೂಪಾಯಿಗೆ 6 ಭಾರತೀಯ ರೂಪಾಯಿ ಎಂದು ದರ ಗೊತ್ತಾಯಿತು. 1959ರಲ್ಲಿ ಹಾಲಿ ನಾಣ್ಯ ಚಲಾವಣೆ ಕಳೆದುಕೊಂಡಿತು.

ಮನೆಗಳಲ್ಲಿ ಉಳಿದ ಹಾಲಿ ರೂಪಾಯಿಗಳು ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಬರುತ್ತವೆ. ಹುಣಸೆಹಣ್ಣು, ನಿಂಬೆ, ಒಲೆಯ ಬೂದಿ, ಇಟ್ಟಿಗೆ ಪುಡಿ ಇವೇ ಸಾಮಗ್ರಿ. ಹಿತ್ತಾಳೆ ತಂಬಿಗೆಗೆ ಒಪ್ಪುವ ಈ ಉಪಚಾರ ನಾಣ್ಯಕ್ಕೆ ಮಾರಕ. ಹುಣಸೆಯ ಹುಳಿ ತಾಮ್ರದ ಮೇಲ್ಪದರವನ್ನು ಕರಗಿಸಿ ಅದಕ್ಕೆ ಹಸಿ ಗುಲಾಬಿ ಬಣ್ಣ ತರುತ್ತದೆ; ಇಟ್ಟಿಗೆ ಪುಡಿ ಗೀರು ಬೀಳಿಸುತ್ತದೆ. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 81.8. ಪತ್ತಾರರು ಅದನ್ನು ಕಾಸಿ ಆಮ್ಲದಲ್ಲಿ ಅದ್ದಿದರೆ ಮೇಲ್ಮೈಯ ತಾಮ್ರ ಕರಗಿ ಬೆಳ್ಳಿಯಷ್ಟೇ ಉಳಿಯುತ್ತದೆ. ಆ ಬಿಳುಪು ಟಂಕಸಾಲೆಯದಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಚಾರ್‌ಮಿನಾರ್ ರೂಪಾಯಿಯಲ್ಲಿ ಬಾಗಿಲ ಕಮಾನಿನೊಳಗೆ ‘ಉಸ್ಮಾನ್’ ಹೆಸರಿನ ಮೊದಲ ಅಕ್ಷರ ‘ಐನ್’ ಇದೆ. ಕೆಲವು ಅಚ್ಚುಗಳಲ್ಲಿ ಅದು ಅರ್ಧ, ಕೆಲವುಗಳಲ್ಲಿ ಪೂರ್ಣ. ಸಾಸಿವೆಯಷ್ಟು ಚಿಕ್ಕ ಆ ಗುರುತು ನಾಲ್ಕಾರು ಹಬ್ಬಗಳ ಉಜ್ಜಾಟಕ್ಕೆ ಅಳಿಸಿಹೋದೀತು.

ಲಂಬಾಣಿ ಮಹಿಳೆಯರ ಉಡುಪು, ಆಭರಣಗಳಲ್ಲಿ ಸೇರಿದ ನಾಣ್ಯಗಳ ಮಾತು ಬೇರೆ. ಬೆಸೆದ ಕೊಂಡಿ, ಮೈಸೋಕಿ ಬಂದ ನುಣುಪು ಅವುಗಳ ಬಾಳಿನ ದಾಖಲೆ. ಅದನ್ನು ಕಿತ್ತು ‘ಶುದ್ಧ’ ಮಾಡುವುದು ಸಲ್ಲದು.

ವಿಜ್ಞಾನದ ದಾರಿ ತೆರೆದದ್ದು 1888ರಲ್ಲಿ, ಬರ್ಲಿನ್ನಿನ ರಾಜವಸ್ತುಸಂಗ್ರಹಾಲಯಗಳ ಪ್ರಯೋಗಾಲಯಕ್ಕೆ ಫ್ರೀಡ್ರಿಕ್ ರಾಟ್‌ಗೆನ್ ಬಂದಾಗ. ವಿದ್ಯುತ್ ಹರಿಸಿ ಕಿಲುಬು ಬಿಡಿಸುವ ವಿಧಾನವನ್ನು ಅವರು ಬಳಕೆಗೆ ತಂದರು. ಅತಿಯಾದಾಗ ಅದೂ ನಾಣ್ಯವನ್ನು ಬೋಳಿಸಿ ಗುಳಿಬೀಳಿಸಿತು. ಭಾರತದಲ್ಲಿ 1917ರಲ್ಲಿ ಪುರಾತತ್ತ್ವ ಇಲಾಖೆಗೆ ಮೊಹಮ್ಮದ್ ಸನಾವುಲ್ಲಾ ರಸಾಯನಜ್ಞರಾಗಿ ನೇಮಕಗೊಂಡರು. ಈಗಿನ ಪ್ರಯೋಗಾಲಯಗಳ ನಿಲುವು ಸಂಯಮದ್ದು: ಬಟ್ಟಿ ಇಳಿಸಿದ ನೀರು, ಜಿಡ್ಡಿಗೆ ಅಸಿಟೋನ್, ಸೂಕ್ಷ್ಮದರ್ಶಕದಡಿ ಮೆದು ಕಡ್ಡಿ. ತಾಮ್ರದ ಮೇಲಿನ ಗಟ್ಟಿ ಹಸಿರು ನಾಣ್ಯವನ್ನು ಕಾಯುತ್ತದೆ. ಹಿಟ್ಟಿನಂತೆ ಉದುರುವ ತಿಳಿಹಸಿರು ಮಾತ್ರ ರೋಗ. ಒಳಗೆ ಅಡಗಿದ ಕ್ಲೋರೈಡ್ ತೇವದೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಅದಕ್ಕೆ ಚಿಕಿತ್ಸೆ ಬೇಕು, ತಜ್ಞರ ಕೈಯಲ್ಲಿ. ಸೀಸದ ನಾಣ್ಯಕ್ಕೆ ವಿನೆಗರ್ ಸೋಕಿಸಬಾರದು. ಮರದ ಪೆಟ್ಟಿಗೆಯಿಂದ ಹೊಮ್ಮುವ ಹುಳಿ ಆವಿಗೂ ಅದು ಬಿಳಿ ಪುಡಿಯಾಗುತ್ತದೆ.

ಅಂಗಡಿಯಲ್ಲಿ ಸಿಗುವ ಬೆಳ್ಳಿ ತೊಳೆಯುವ ದ್ರಾವಣ ಕಪ್ಪನ್ನು ಕ್ಷಣದಲ್ಲಿ ತೆಗೆಯುತ್ತದೆ, ಅಚ್ಚಿನ ಮೂಲ ಕಾಂತಿಯನ್ನೂ ಒಯ್ಯುತ್ತದೆ. ಅಮೆರಿಕದಲ್ಲಿ 1986ರಲ್ಲಿ ಆರಂಭವಾದ ಪಿಸಿಜಿಎಸ್‌ನಂತಹ ಶ್ರೇಣೀಕರಣ ಸಂಸ್ಥೆಗಳು ಕೆಡುವಂತೆ ತೊಳೆದ ನಾಣ್ಯಕ್ಕೆ ಅಂಕಿಯ ಶ್ರೇಣಿ ಕೊಡದೆ ದೋಷವನ್ನು ನಮೂದಿಸುತ್ತವೆ. ಹೀಗೆ ಬೆಲೆ ಇಳಿಯುವುದು ಸಣ್ಣ ನಷ್ಟ, ಮಾಹಿತಿ ಅಳಿಯುವುದು ದೊಡ್ಡದು. ನೆಲದಲ್ಲಿ ಒಟ್ಟಾಗಿ ಸಿಕ್ಕ ತಾಮ್ರದ ನಾಣ್ಯಗಳ ಕಿಲುಬಿನಲ್ಲಿ ಅವನ್ನು ಕಟ್ಟಿದ್ದ ಚೀಲದ ನೂಲಿನ ಗುರುತು ಉಳಿದಿರಬಹುದು. ಒಮ್ಮೆ ಉಜ್ಜಿದರೆ ಅದು ಮತ್ತೆ ಸಿಗದು.

ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯ ಕಂಡವರು ದಯವಿಟ್ಟು ಅದನ್ನು ತೊಳೆಯಬೇಡಿ, ಬಿಡಿಸಬೇಡಿ. ಅಂಟಿದ ಮಣ್ಣಿನ ಸಮೇತ ಇಟ್ಟು ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗಳಿಗೋ ತಿಳಿಸಿ.