ಬಡ ಎಲೆಗಳ ಮಿಂಚಿನ ದಾಳಿ

ಇಸ್ಪೀಟಿನಲ್ಲಿ ಕೈಗೆ ಬಂದ ಎಲೆಯೇ ಗತಿ. ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ, 1993ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಮ್ಯಾಜಿಕ್: ದಿ ಗ್ಯಾದರಿಂಗ್’ನಲ್ಲಿ ಹಾಗಲ್ಲ. ಆಟಗಾರ ಕನಿಷ್ಠ 60 ಎಲೆಗಳ ಕಟ್ಟನ್ನು ತಾನೇ ಆಯ್ದು ತರುತ್ತಾನೆ. ಎದುರಾಳಿಯ 20 ಪ್ರಾಣಾಂಕಗಳನ್ನು ಸೊನ್ನೆಗಿಳಿಸಿದರೆ ಗೆಲುವು.

ಬಲಿಷ್ಠ ಎಲೆಗಳಿದ್ದರೆ ಸಾಕೆಂಬ ನಂಬಿಕೆಯನ್ನು ಅಲುಗಾಡಿಸಿದ್ದು 1996ರ ಅಟ್ಲಾಂಟಾ ಅರ್ಹತಾ ಪಂದ್ಯ. ಇತರರು ಮೂಸಿಯೂ ನೋಡದ ‘ಐರನ್‌ಕ್ಲಾ ಆರ್ಕ್ಸ್’ನಂಥ ಕೆಂಪು ಎಲೆಗಳನ್ನು ಹಿಡಿದು ಪಾಲ್ ಸ್ಲೈ ಎರಡನೇ ಸ್ಥಾನ ಪಡೆದರು. ಕಟ್ಟಿನ ಹಿಂದಿನ ಲೆಕ್ಕಾಚಾರ ಜೇ ಶ್ನೈಡರ್ ಅವರದು.

ಸರದಿಗೊಂದೇ ‘ಭೂಮಿ’ ಎಲೆ ಇಳಿಸಬಹುದಾದ್ದರಿಂದ ಶಕ್ತಿ ನಿಧಾನವಾಗಿ ಬೆಳೆಯುತ್ತದೆ. ಮೊದಲ ಸರದಿಗೆ ಒಂದು ಶಕ್ತಿಯ ಎಲೆ, ಮುಂದಿನದಕ್ಕೆ ಎರಡರದು. ಯಾವ ಸರದಿಯೂ ವ್ಯರ್ಥವಾಗಬಾರದು. ಎದುರಾಳಿಯ ಭಾರೀ ಎಲೆಗಳು ಕಣಕ್ಕಿಳಿಯುವ ಮುನ್ನವೇ ಹೊಡೆತ ಬೀಳಬೇಕು. ಆಟ ಲಂಬಿಸಿದರೆ ಕೈ ಬರಿದಾಗುವ ಅಪಾಯವೂ ಉಂಟು.

ಈ ಲೆಕ್ಕವೇ ‘ಮನಾ ಕರ್ವ್’. ಇಂಥ ಕಟ್ಟುಗಳಿಗೆ ಇಂದಿಗೂ ‘ಸ್ಲೈ’ ಎಂಬ ಹೆಸರಿದೆ.