ಭಾವನ ಬಿಲ್ಲು ಮತ್ತು ಮನೆಗೇ ಮರಳುವ ಸುರಂಗ

ಕಳೆದ ತಿಂಗಳು ಡೊಂಬಿವಲಿಯ ಅಕ್ಕನ ಮನೆಗೆ ಹೋಗಿದ್ದೆ. ಮನೆಗೆ ಬಣ್ಣ ಹೊಡೆಸುವವರಿದ್ದರು, ಕಪಾಟು ಖಾಲಿ ಮಾಡುತ್ತಿದ್ದರು. ಹಳೆಯ ಕಾಗದಗಳ ಕಟ್ಟಿನಿಂದ ಭಾವ ಒಂದು ಮೊಬೈಲ್ ಬಿಲ್ಲು ಎಳೆದು ತೆಗೆದರು. 2009ರ ಅಕ್ಟೋಬರಿನದು. ಅಂತರರಾಷ್ಟ್ರೀಯ ರೋಮಿಂಗ್ ಡೇಟಾ: 33,792 ರೂಪಾಯಿ. ತೆರಿಗೆ ಬೇರೆ.

"ನೆನಪುಂಟಾ ಮಾರಾಯ?" ಎಂದರು.

ಮರೆಯುವುದು ಹೇಗೆ? ಆ ವರ್ಷ ಭಾವ ಮಗಳ ಮನೆಗೆಂದು ಫ್ರಾಂಕ್‌ಫರ್ಟಿಗೆ ಹೋಗಿ ಮೂರು ವಾರ ಇದ್ದು ಬಂದಿದ್ದರು. ಕೈಯಲ್ಲಿ ಇಮೇಲ್ ನೋಡುವ ಹೊಸ ಫೋನು. ಅಲ್ಲಿ ಅವರು ಇಂಟರ್‌ನೆಟ್ ನೋಡಿದ್ದು ಮಗಳ ಕಂಪ್ಯೂಟರಿನಲ್ಲಿ ಮಾತ್ರ. ಆದರೆ ಕಿಸೆಯಲ್ಲಿದ್ದ ಫೋನು ಹದಿನೈದು ನಿಮಿಷಕ್ಕೊಮ್ಮೆ ತಾನಾಗಿಯೇ "ಮೇಲ್ ಬಂತಾ, ಮೇಲ್ ಬಂತಾ" ಎಂದು ಕೇಳುತ್ತಲೇ ಇತ್ತು. ಪ್ರತಿ ಸಲ ಮೂವತ್ತು ಕೆಬಿ ಅಂದುಕೊಂಡರೂ ಮೂರು ವಾರಕ್ಕೆ 60 ಎಂಬಿ ಆಗುತ್ತದೆ. ದರ 10 ಕೆಬಿಗೆ 5.50 ರೂಪಾಯಿ. ಗುಣಿಸಿ ನೋಡಿ, ಬಿಲ್ಲಿನ ಮೊತ್ತ ಸರಿಯಾಗಿ ಬರುತ್ತದೆ. ನಿವೃತ್ತ ಬ್ಯಾಂಕ್ ನೌಕರನಿಗೆ ಅದು ತಿಂಗಳ ಪಿಂಚಣಿಗಿಂತ ಹೆಚ್ಚಿನ ದುಡ್ಡು.

ಭಾವ ಅವರ ಮೊಬೈಲ್ ಕಂಪನಿಗೆ ಹೋಗಿ ಜಗಳಾಡಿದರು. "ವಿದೇಶದ ಕಂಪನಿಯಿಂದ ಲೆಕ್ಕ ಬರುವುದು ತಡ ಸಾರ್, ನಮಗೆ ಮೊದಲೇ ಗೊತ್ತಾಗುವುದಿಲ್ಲ" ಎಂದು ಅಲ್ಲಿ ಹೇಳಿದರಂತೆ. ನಾನು ಆಗ ಮುಂಬಯಿಯಲ್ಲೇ ಇನ್ನೊಂದು ಮೊಬೈಲ್ ಕಂಪನಿಯ ಕೋರ್ ನೆಟ್‌ವರ್ಕ್ ವಿಭಾಗದಲ್ಲಿದ್ದೆ. ಭಾವ ಫೋನ್ ಮಾಡಿ ಕೇಳಿದರು, "ಅವರು ಹೇಳುವುದು ಹೌದಾ?" ನಾನು "ಹೌದು ಭಾವ, ರೋಮಿಂಗಿನಲ್ಲಿ ಹಾಗೇ" ಎಂದುಬಿಟ್ಟೆ. ಭಾವ ನನ್ನ ಮಾತು ನಂಬಿ ದುಡ್ಡು ಕಟ್ಟಿದರು.

ಆ ಉತ್ತರ ಅರ್ಧ ಸತ್ಯ. ಇನ್ನರ್ಧ ಏನೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1987ರ ಸೆಪ್ಟೆಂಬರ್ 7ರಂದು ಕೋಪನ್‌ಹೇಗನ್ನಿನಲ್ಲಿ 13 ದೇಶಗಳ ದೂರವಾಣಿ ಸಂಸ್ಥೆಗಳು ಜಿಎಸ್‌ಎಂ ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ದೇಶದ ಫೋನು ಇನ್ನೊಂದು ದೇಶದಲ್ಲೂ ನಡೆಯಬೇಕು ಎನ್ನುವುದು ಮೊದಲಿನಿಂದಲೇ ಇದ್ದ ಆಸೆ. 1992ರಲ್ಲಿ ಟೆಲಿಕಾಂ ಫಿನ್‌ಲ್ಯಾಂಡ್ ಮತ್ತು ಬ್ರಿಟನ್ನಿನ ವೊಡಾಫೋನ್ ಮೊದಲ ಅಂತರರಾಷ್ಟ್ರೀಯ ರೋಮಿಂಗ್ ಒಪ್ಪಂದ ಮಾಡಿಕೊಂಡವು. ಏರ್ಪಾಡು ನಮ್ಮಂಥ ವಲಸಿಗರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಪ್ರತಿ ಗ್ರಾಹಕನ ಮೂಲ ದಾಖಲೆ ಅವನ ಸ್ವಂತ ಕಂಪನಿಯ ಎಚ್‌ಎಲ್‌ಆರ್ ಎಂಬ ಖಾತೆಪುಸ್ತಕದಲ್ಲಿ ಇರುತ್ತದೆ. ಹೋದ ಊರಿನಲ್ಲಿ ವಿಎಲ್‌ಆರ್ ಎಂಬ ಅತಿಥಿಗಳ ಪುಸ್ತಕ. ಅತಿಥಿ ಬಂದೊಡನೆ ಆ ಊರು ಮೂಲ ಊರಿಗೆ ಕೇಳಿ ನೋಡುತ್ತದೆ: ಇವರು ನಿಮ್ಮವರಾ? ನಂಬಬಹುದಾ?

ನಂಬಿಕೆ ಸಿಕ್ಕಿದ ಮೇಲೆ ಅತಿಥಿ ಮಾಡುವ ಕರೆಯನ್ನು ಹೋದ ಊರಿನ ವಿನಿಮಯ ಕೇಂದ್ರವೇ ಜೋಡಿಸುತ್ತಿತ್ತು. ಎಷ್ಟು ನಿಮಿಷ ಮಾತಾಡಿದರು ಎಂದು ಮೂಲ ಕಂಪನಿಗೆ ಆ ಕ್ಷಣಕ್ಕೆ ಗೊತ್ತಿರಲಿಲ್ಲ. ಲೆಕ್ಕವೆಲ್ಲ ಟ್ಯಾಪ್ ಎಂಬ ಕಡತದಲ್ಲಿ ಆಮೇಲೆ ಬರುತ್ತಿತ್ತು. ಸಿಮ್ ಕದ್ದವರು ವಿದೇಶದಲ್ಲಿ ಕೂತು ಲಕ್ಷಗಟ್ಟಲೆ ಮಾತಾಡಿ ಮಾಯವಾಗುತ್ತಿದ್ದುದು ಈ ಸಂದಿನಲ್ಲಿಯೇ. 2008ರ ಅಕ್ಟೋಬರಿನಿಂದ ಕರೆ ಮುಗಿದ ನಾಲ್ಕು ಗಂಟೆಯೊಳಗೆ ವಿವರ ತಲುಪಬೇಕು ಎಂದು ಜಿಎಸ್‌ಎಂ ಸಂಘ ನಿಯಮ ಮಾಡಿತು. ಆದ್ದರಿಂದ ಮಾತಿನ ವಿಷಯದಲ್ಲಿ "ಲೆಕ್ಕ ಬರುವುದು ತಡ" ಎನ್ನುವುದು ನಿಜವೇ.

ನಮ್ಮ ದೇಶದೊಳಗಿನ ರೋಮಿಂಗ್ ನಿಮಗೆಲ್ಲ ನೆನಪಿರಬೇಕು. ಮುಂಬಯಿ ಒಂದು ಸರ್ಕಲ್, ಗೋವಾ ಸೇರಿದ ಮಹಾರಾಷ್ಟ್ರ ಇನ್ನೊಂದು, ಕರ್ನಾಟಕ ಮತ್ತೊಂದು. ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಊರು ಮುಟ್ಟುವಷ್ಟರಲ್ಲಿ ಎರಡು ಗಡಿ ದಾಟಿ ಆಗುತ್ತಿತ್ತು. 2007ರಲ್ಲಿ ಟ್ರಾಯ್ ಮಿತಿ ಹಾಕಿದ ಮೇಲೂ ಒಳಬರುವ ಕರೆಗೆ ನಿಮಿಷಕ್ಕೆ 1.75 ರೂಪಾಯಿ ತನಕ ತೆರಬೇಕಿತ್ತು. "ರತ್ನಾಗಿರಿ ದಾಟಿತು" ಎನ್ನಲು ಒಂದು ಮಿಸ್ಡ್ ಕಾಲ್, "ಕಾರವಾರ ಬಂತು" ಎನ್ನಲು ಎರಡು. ನಮ್ಮ ಮನೆಯಲ್ಲಿ ಇದೇ ಸಂಕೇತಭಾಷೆ. 2017ರ ಹೊತ್ತಿಗೆ ದೊಡ್ಡ ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕವನ್ನು ಕೈಬಿಟ್ಟವು.

ಈಗ ಡೇಟಾಕ್ಕೆ ಬರೋಣ. ಮೊಬೈಲಿನಲ್ಲಿ ಇಂಟರ್‌ನೆಟ್ ಕೊಡಲು ಯುರೋಪಿನ ಎಟ್ಸಿ ಸಂಸ್ಥೆ 1990ರ ದಶಕದ ಕೊನೆಗೆ ಜಿಪಿಆರ್‌ಎಸ್ ರೂಪಿಸಿತು; 2000ದಿಂದ ಅದು ಮಾರುಕಟ್ಟೆಗೆ ಬಂತು. ಇದರಲ್ಲಿ ಎರಡು ಯಂತ್ರಗಳು ಮುಖ್ಯ. ಎಸ್‌ಜಿಎಸ್‌ಎನ್ ಎನ್ನುವುದು ನೀವು ಇರುವ ಊರಿನಲ್ಲಿ ನಿಮ್ಮನ್ನು ನೋಡಿಕೊಳ್ಳುವ ಯಂತ್ರ. ಜಿಜಿಎಸ್‌ಎನ್ ಎನ್ನುವುದು ಇಂಟರ್‌ನೆಟ್ಟಿಗೆ ತೆರೆಯುವ ಹೆಬ್ಬಾಗಿಲು.

ಭಾವ ಫ್ರಾಂಕ್‌ಫರ್ಟಿನಲ್ಲಿ ಇಳಿದು ಫೋನು ಆನ್ ಮಾಡಿದಾಗ ಏನಾಯಿತು ನೋಡಿ. ಸಿಮ್ಮಿನೊಳಗಿನ ಸಂಖ್ಯೆ 404 ಎಂದು ಶುರುವಾಗುತ್ತದೆ; ಅದು ಭಾರತದ ಗುರುತು. ಜರ್ಮನಿಯ ಎಸ್‌ಜಿಎಸ್‌ಎನ್ ಇಲ್ಲಿಯ ಎಚ್‌ಎಲ್‌ಆರ್‌ಗೆ ಕೇಳಿ ಅನುಮತಿ ಪಡೆಯಿತು. ಫೋನು ಡೇಟಾ ಸೆಷನ್ ಬೇಕೆಂದು ಒಂದು ಎಪಿಎನ್ ಹೆಸರು ಹೇಳಿತು. ಆ ಹೆಸರಿಗೆ ಕಂಪನಿಯ ಸಂಕೇತ ಸೇರಿ, ಕೊನೆಗೆ 'ಡಾಟ್ ಜಿಪಿಆರ್‌ಎಸ್' ಎಂಬ ಬಾಲ. ಈ ಬಾಲದ ಹೆಸರುಗಳು ನಮ್ಮ ನಿಮ್ಮ ಇಂಟರ್‌ನೆಟ್ಟಿನಲ್ಲಿ ಕಾಣುವುದಿಲ್ಲ; ಮೊಬೈಲ್ ಕಂಪನಿಗಳು ತಮ್ಮತಮ್ಮೊಳಗೆ 2000ದಲ್ಲಿ ಕಟ್ಟಿಕೊಂಡ ಜಿಆರ್‌ಎಕ್ಸ್ ಎಂಬ ಖಾಸಗಿ ಜಾಲದಲ್ಲಿ ಮಾತ್ರ ಕಾಣುತ್ತವೆ. ಅಲ್ಲಿ ಹುಡುಕಿದಾಗ ಮುಂಬಯಿಯ ಜಿಜಿಎಸ್‌ಎನ್‌ನ ವಿಳಾಸ ಸಿಕ್ಕಿತು. ಅದು ಒಂದು ಐಪಿ ವಿಳಾಸ ಕೊಟ್ಟಿತು. ಫ್ರಾಂಕ್‌ಫರ್ಟಿನಿಂದ ಮುಂಬಯಿಗೆ ಒಂದು ಸುರಂಗ ತೆರೆಯಿತು.

ಸುರಂಗ ಎಂದರೆ ಕೊಂಕಣ ರೈಲಿನ ಕರ್ಬುಡೆ ಸುರಂಗದ ಹಾಗೆ ಗುಡ್ಡ ಕೊರೆದದ್ದಲ್ಲ. ಊರಿಗೆ ಹೋಗುವವರ ಕೈಯಲ್ಲಿ ಕಾಗದ ಕಳಿಸುವಾಗ ಲಕೋಟೆಯೊಳಗೆ ಇನ್ನೊಂದು ಲಕೋಟೆ ಇಡುತ್ತೇವಲ್ಲ, ಅಷ್ಟೇ. ಹೊರಗಿನ ಲಕೋಟೆಯ ಮೇಲೆ ಮುಂಬಯಿಯ ಯಂತ್ರದ ವಿಳಾಸ ಮತ್ತು ಒಂದು ಸುರಂಗ ಸಂಖ್ಯೆ. ಒಳಗಿನದನ್ನು ದಾರಿಯಲ್ಲಿ ಯಾರೂ ತೆರೆಯುವ ಅಗತ್ಯವಿಲ್ಲ. ಇದಕ್ಕೆ ಜಿಟಿಪಿ ಎಂದು ಹೆಸರು. ಒಂದು ಅನುಕೂಲವೂ ಉಂಟು: ಭಾವ ರೈಲು ಹತ್ತಿ ಬೇರೆ ನಗರಕ್ಕೆ ಹೋದರೆ ಆಚೆ ತುದಿಯ ಎಸ್‌ಜಿಎಸ್‌ಎನ್ ಬದಲಾಗಬಹುದು, ಮುಂಬಯಿಯ ತುದಿ ಕದಲುವುದಿಲ್ಲ, ಐಪಿ ವಿಳಾಸ ಬದಲಾಗುವುದಿಲ್ಲ, ಸೆಷನ್ ಕಡಿಯುವುದಿಲ್ಲ.

ಹಾಗಾಗಿ ಫ್ರಾಂಕ್‌ಫರ್ಟಿನಲ್ಲಿ ಕೂತು ಫ್ರಾಂಕ್‌ಫರ್ಟಿನದೇ ಒಂದು ಪುಟ ತೆರೆದರೂ ಬೇಡಿಕೆ ಮುಂಬಯಿಗೆ ಬಂದು, ಇಲ್ಲಿಂದ ಹೊರಟು ಫ್ರಾಂಕ್‌ಫರ್ಟಿಗೆ ಹೋಗಿ, ಉತ್ತರ ಮತ್ತೆ ಮುಂಬಯಿಗೆ ಬಂದು, ಮತ್ತೆ ಫ್ರಾಂಕ್‌ಫರ್ಟಿಗೆ ಹೋಗುತ್ತದೆ. ಒಂದು ದಾರಿ ಸುಮಾರು 6,500 ಕಿಲೋಮೀಟರ್, ಅಂಥ ನಾಲ್ಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ದಾರಿ ನೇರವಾಗಿದ್ದರೂ 130 ಮಿಲಿಸೆಕೆಂಡ್ ದಂಡ. ಅಲ್ಲಿಯೇ ಹೆಬ್ಬಾಗಿಲು ತೆರೆಯಲು ನಿಯಮಗಳಲ್ಲಿ ಮೊದಲಿನಿಂದ ಅವಕಾಶವಿತ್ತು. ಕಂಪನಿಗಳು ಅದನ್ನು ಬಳಸಿದ್ದು ತೀರಾ ಕಡಿಮೆ. ತಮ್ಮ ಎಂಎಂಎಸ್, ತಮ್ಮ ವ್ಯಾಪ್ ಪುಟಗಳು ತಮ್ಮ ಜಾಲದೊಳಗಿದ್ದವು ಎನ್ನುವುದು ಒಂದು ಕಾರಣ. ದೊಡ್ಡ ಕಾರಣ, ತಮ್ಮ ಗ್ರಾಹಕನ ಲೆಕ್ಕ ತಮ್ಮ ಕಣ್ಣೆದುರೇ ಇರಲಿ ಎನ್ನುವುದು.

ಈಗ ನನ್ನ ಅರ್ಧ ಸತ್ಯ ನಿಮಗೆ ಹೊಳೆದಿರಬೇಕು. ಮಾತಿನ ಕರೆ ಮೂಲ ಕಂಪನಿಯ ಕಣ್ಣಿಗೆ ಬೀಳುತ್ತಿರಲಿಲ್ಲ, ಸರಿ. ಆದರೆ ಡೇಟಾ? ಭಾವನ ಒಂದೊಂದು ಕೆಬಿಯೂ ಮುಂಬಯಿಯ ಯಂತ್ರದ ಮೂಲಕವೇ ಹಾದುಹೋಗಿತ್ತು. ಸೆಷನ್ ಯಾವಾಗ ಶುರುವಾಯಿತು, ಎಷ್ಟು ಹರಿಯಿತು ಎಂದು ಎಣಿಸುವುದು ಆ ಯಂತ್ರದ ದಿನನಿತ್ಯದ ಕೆಲಸ. ವಿದೇಶದ ಟ್ಯಾಪ್ ಕಡತಕ್ಕೆ ಕಾಯುವ ಅಗತ್ಯವೇ ಇರಲಿಲ್ಲ.

ಕತ್ತರಿಸಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ನಮ್ಮ ಕಂಪನಿಯಲ್ಲಿ ಪ್ರೀಪೇಯ್ಡ್ ಗ್ರಾಹಕರ ಸೆಷನ್ ನಡೆಯುತ್ತಿದ್ದುದು ಹಾಗೆಯೇ. ಜಿಜಿಎಸ್‌ಎನ್ ಲೆಕ್ಕದ ಯಂತ್ರಕ್ಕೆ "ಇವರಿಗೆ ಎಷ್ಟು ಬಿಡಲಿ?" ಎಂದು ಕೇಳುವುದು, ಅದು ಸ್ವಲ್ಪಸ್ವಲ್ಪವೇ ಅಳೆದು ಕೊಡುವುದು, ದುಡ್ಡು ಮುಗಿದರೆ ಸೆಷನ್ ಅಲ್ಲಿಗೇ ಬಂದ್. 2005ರಲ್ಲಿ ಈ ಸಂಭಾಷಣೆಗೆ ಡಯಾಮೀಟರ್ ಎಂಬ ಸಾರ್ವತ್ರಿಕ ನಿಯಮವೂ ಬಂದಿತ್ತು. ಪ್ರೀಪೇಯ್ಡಿನಲ್ಲಿ ಎಣಿಕೆ ತಪ್ಪಿದರೆ ನಷ್ಟ ಕಂಪನಿಗೆ, ಹಾಗಾಗಿ ಆ ಮೀಟರಿಗೆ ಕತ್ತರಿ ಕಟ್ಟಿದರು. ಪೋಸ್ಟ್‌ಪೇಯ್ಡಿನಲ್ಲಿ ನಷ್ಟ ಗ್ರಾಹಕನಿಗೆ. ಅವಸರ ಯಾರಿಗಿತ್ತು?

ಯುರೋಪಿನಲ್ಲಿ ಕೊನೆಗೆ ಕಾನೂನೇ ಬರಬೇಕಾಯಿತು. 2007ರಲ್ಲಿ ಕರೆಗಳ ದರಕ್ಕೆ ಮಿತಿ ಹಾಕಿದ ಐರೋಪ್ಯ ಒಕ್ಕೂಟ, 2009ರಲ್ಲಿ ಡೇಟಾಕ್ಕೂ ನಿಯಮ ಮಾಡಿತು. 2010ರ ಮಾರ್ಚ್ 1ರಿಂದ ಕಂಪನಿಗಳು ವೆಚ್ಚಕ್ಕೊಂದು ಮಿತಿ ಇಡುವ ಸೌಲಭ್ಯ ಕೊಡಲೇಬೇಕು. ಜುಲೈ 1ರಿಂದ, ಗ್ರಾಹಕ ಬೇರೆ ಏನೂ ಹೇಳದಿದ್ದರೆ, ತೆರಿಗೆ ಬಿಟ್ಟು 50 ಯೂರೋಗೆ ಡೇಟಾ ನಿಲ್ಲಿಸಬೇಕು. ಶೇಕಡಾ 80 ಮುಟ್ಟಿದಾಗಲೇ ಎಚ್ಚರಿಕೆ ಕಳಿಸಬೇಕು. ಆಗುವುದಿಲ್ಲ ಎನ್ನುತ್ತಿದ್ದದ್ದು ಕೆಲವೇ ತಿಂಗಳಲ್ಲಿ ಆಗಿಬಿಟ್ಟಿತು! 2017ರ ಜೂನ್ 15ರಿಂದ ಒಕ್ಕೂಟದೊಳಗೆ ರೋಮಿಂಗಿನ ಹೆಚ್ಚುವರಿ ಶುಲ್ಕವೇ ಹೋಯಿತು. ಭಾವನ ಸಿಮ್ ಭಾರತದ್ದು. ಆ ಕಾನೂನು ಇದ್ದಿದ್ದರೂ ಅವರನ್ನು ಕಾಯುತ್ತಿರಲಿಲ್ಲ. ನಮ್ಮಲ್ಲಿ ಟ್ರಾಯ್ ಅಂತರರಾಷ್ಟ್ರೀಯ ರೋಮಿಂಗಿನ ಬಗ್ಗೆ 2020ರಲ್ಲಿ ಸಮಾಲೋಚನಾ ಪತ್ರ ಹೊರಡಿಸಿತು.

ಈ ನಂಬಿಕೆಯ ಜಾಲಕ್ಕೆ ಇನ್ನೊಂದು ಮುಖವೂ ಇದೆ. ನಮ್ಮವರೇ ಇರುವ ಕ್ಲಬ್ಬು ಎಂದು ಕಟ್ಟಿದ್ದರಿಂದ ಜಿಆರ್‌ಎಕ್ಸ್‌ನಲ್ಲಿ ಬೀಗ ಕಡಿಮೆ. ಬೆಲ್ಜಿಯಂನ ಬೆಲ್ಗಾಕಾಂ ಸಮೂಹದ ರೋಮಿಂಗ್ ಯಂತ್ರಗಳೊಳಗೆ ನುಸುಳಲು ಬ್ರಿಟನ್ನಿನ ಗೂಢಚಾರ ಸಂಸ್ಥೆ ಕೈಹಾಕಿತ್ತು ಎನ್ನುವುದು 2013ರಲ್ಲಿ ಸ್ನೋಡೆನ್ ದಾಖಲೆಗಳಿಂದ ಬಯಲಾಯಿತು. 5ಜಿಯಲ್ಲಿ ಕಂಪನಿಗಳ ಗಡಿಗೆ ಸೆಪ್ ಎಂಬ ಕಾವಲುಗಾರನನ್ನು ನಿಲ್ಲಿಸಿದ್ದು ಇಂಥ ಭಯಕ್ಕೇ.

ಯಂತ್ರಗಳ ಹೆಸರು ಮಾತ್ರ ಬದಲಾಗುತ್ತ ಬಂತು. 4ಜಿಯಲ್ಲಿ ಜಿಜಿಎಸ್‌ಎನ್‌ನ ಜಾಗಕ್ಕೆ ಪಿ-ಗೇಟ್‌ವೇ, 5ಜಿಯಲ್ಲಿ ಸೆಷನ್ ನೋಡಿಕೊಳ್ಳುವ ಎಸ್‌ಎಂಎಫ್ ಮತ್ತು ಡೇಟಾ ಸಾಗಿಸುವ ಯುಪಿಎಫ್. ಸುರಂಗ ಇಂದಿಗೂ ಹೆಚ್ಚಾಗಿ ಮನೆಗೇ ಬರುತ್ತದೆ. ದುಬೈಯಲ್ಲಿ ಅಲ್ಲಿಯ ಸಿಮ್ ಹಾಕಿದರೆ ಸಾಮಾನ್ಯವಾಗಿ ಸಿಗದ ವಾಟ್ಸಾಪ್ ಕರೆ, ನಮ್ಮ ಸಿಮ್ಮಿನ ರೋಮಿಂಗಿನಲ್ಲಿ ಸಿಗುವುದುಂಟು. ಚೀನಾಕ್ಕೆ ಹೋದವರಿಗೆ ಅಲ್ಲಿ ನಿಷೇಧವಿರುವ ಗೂಗಲ್ ತೆರೆಯುವುದೂ ಹೀಗೇ. ದೇಹ ಅಲ್ಲಿ, ಹೆಬ್ಬಾಗಿಲು ಇಲ್ಲಿ.

ಇಷ್ಟನ್ನೂ ಆ ದಿನ ಭಾವನಿಗೆ ಹೇಳಿದೆ. ಬಿಲ್ಲನ್ನು ಮಡಚುತ್ತ ಕೇಳಿಸಿಕೊಂಡರು.

"ಅಂದ್ರೆ ಮೀಟರು ಇಲ್ಲೇ ಇತ್ತು ಅನ್ನು."

"ಹೌದು ಭಾವ."

"ನಿಂಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು. ನಮ್ಮ ಕಂಪನಿಯಲ್ಲೂ ಹಾಗೇ ಮಾಡುತ್ತಿದ್ದರು. ಹೇಳಲು ನಾಚಿಕೆಯಾಯಿತು."

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗೊತ್ತಿದ್ರೆ ಗ್ರಾಹಕರ ಕೋರ್ಟಿಗೆ ಹೋಗ್ತಿದ್ದೆ ಮಾರಾಯ" ಎಂದರು. ಅಕ್ಕ ಚಹಾ ತಂದಿಟ್ಟಳು. ನಾನು ಏನೂ ಹೇಳಲಿಲ್ಲ.

ಮಕ್ಕಳ ಮನೆಗೆ ವಿದೇಶಕ್ಕೆ ಹೊರಟಿರುವವರಿಗೆ ಒಂದು ಮಾತು. ಪ್ಯಾಕ್ ಹಾಕಿಸದಿದ್ದರೆ ವಿಮಾನ ಹತ್ತುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿ. ಹಾಕಿಸಿದ್ದರೆ, ಅದು ಮುಗಿದ ಮೇಲೆ ಡೇಟಾ ನಿಲ್ಲುತ್ತದೋ, ಬೇರೆ ದರದಲ್ಲಿ ಓಡುತ್ತದೋ ಎಂದು ಕೇಳಿ ತಿಳಿದುಕೊಳ್ಳಿ. "ನಮಗೆ ಮೊದಲೇ ಗೊತ್ತಾಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ಮಾತ್ರ, ನನ್ನ ಭಾವನ ಹಾಗೆ ನಂಬಬೇಡಿ.