ಧಾರವಾಡಕ್ಕೆ ಕಳಿಸುವ ಮಾತು

‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬುದು ನಮ್ಮ ಕಡೆಯ ಹಳೆಯ ಬೈಗುಳ. ಉಳಿದವರಿಗೆ ಧಾರವಾಡವೆಂದರೆ ಪೇಢೆ, ಮಳೆ, ಬೇಂದ್ರೆ. ಬೈಯುವವರಿಗೆ ಮಾತ್ರ ಅಲ್ಲಿಯ ಮಾನಸಿಕ ಆಸ್ಪತ್ರೆ. ಬೆಂಗಳೂರಿನ ಕಡೆಯವರು ಇದೇ ಮಾತಿಗೆ ನಿಮ್ಹಾನ್ಸಿನ ಹೆಸರು ಹಿಡಿಯುತ್ತಾರೆ. ಅರ್ಥ ಒಂದೇ: ಈ ಕಾಯಿಲೆ ಬಂದವನು ಊರಲ್ಲಿರಬಾರದು.

ಬಳ್ಳಾರಿ ಜಿಲ್ಲೆಯ ಹಳ್ಳಿಗಳಿಗೆ ಆ ದೂರ ಬರಿಯ ಮಾತಾಗಿರಲಿಲ್ಲ. ರೋಗಿಯನ್ನು ಕರೆದೊಯ್ಯಲು ಬಸ್ಸಿನ ದುಡ್ಡು ಬೇಕು, ಜೊತೆಗೆ ಇಬ್ಬರು ಗಟ್ಟಿ ಆಳು ಬೇಕು, ವಾರದ ಕೂಲಿ ಬಿಡಬೇಕು. ಹಾಗಾಗಿ ಮೊದಲು ತಾಯತ, ಆಮೇಲೆ ಗುಡಿ, ಕೊನೆಗೆ ಸರಪಳಿ. ನಮ್ಮ ಓಣಿಯಲ್ಲಿ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದ ಹುಡುಗನಿಗೆ ಅವನ ತಾಯಿ ದಿನಾ ರೊಟ್ಟಿ ಮುರಿದು ಉಣಿಸುತ್ತಿದ್ದಳು. ಆಕೆಯನ್ನು ಕ್ರೂರಿ ಎನ್ನಲು ನನಗೆ ಇಂದಿಗೂ ಮನಸ್ಸು ಬಾರದು. ಆಕೆಯ ಕೈಗೆಟುಕುವಷ್ಟು ಹತ್ತಿರದಲ್ಲಿ ಬೇರೇನೂ ಇರಲಿಲ್ಲ.

ಈ ದೂರವನ್ನು ಕಡಿಮೆ ಮಾಡುವ ಯೋಚನೆ ಬಂದದ್ದು ಬೆಂಗಳೂರಿನಲ್ಲೇ. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಮುಂದೆ ಅದರ ವೈದ್ಯರು ಆನೇಕಲ್ ಕಡೆಯ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ಈ ಕಾಯಿಲೆಗಳನ್ನು ಗುರುತಿಸಲು ಕಲಿಸಿದರು. 1982ರಲ್ಲಿ ದೇಶಕ್ಕೆ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಅದನ್ನು ಒಂದಿಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಆರಿಸಿದ್ದು ನಮ್ಮ ಬಳ್ಳಾರಿಯನ್ನು.

ಮಾಡಿದ್ದು ಸರಳ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರು. ನಿದ್ದೆಗೆಟ್ಟು ಅಲೆಯುವವರನ್ನು, ತನ್ನಷ್ಟಕ್ಕೆ ಮಾತಾಡಿಕೊಳ್ಳುವವರನ್ನು, ಮೂರ್ಛೆರೋಗದವರನ್ನು ಕಂಡರೆ ಕಾರ್ಯಕರ್ತರು ಕರೆತರಬೇಕು. ಕ್ಲೋರ್‌ಪ್ರೊಮಜೈನ್, ಫೀನೊಬಾರ್ಬಿಟೋನ್‌ನಂಥ ಬೆರಳೆಣಿಕೆಯ ಔಷಧಿಗಳು ಅಲ್ಲೇ ಸಿಗಬೇಕು.

ಇದರಿಂದ ರೋಗದಷ್ಟೇ ನಾಚಿಕೆಯೂ ಇಳಿಯಿತೆಂಬುದು ನಾನು ಕಂಡದ್ದು. ಜ್ವರದವರು, ಕೆಮ್ಮಿನವರು ನಿಂತ ಸಾಲಿನಲ್ಲೇ ಈ ರೋಗಿಯೂ ನಿಲ್ಲುತ್ತಾನೆ. ಕೈಯಲ್ಲಿ ಅದೇ ಚೀಟಿ, ಅದೇ ಕಿಟಕಿಯಲ್ಲಿ ಮಾತ್ರೆ. ಯಾತಕ್ಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ವರ್ಷಗಟ್ಟಲೆ ಒಳಕೋಣೆಯಲ್ಲಿದ್ದ ಹೆಂಗಸೊಬ್ಬಳು ಹೀಗೆ ಮಾತ್ರೆ ನುಂಗಿ, ಮತ್ತೆ ಕಳೆ ಕೀಳಲು ಹೋದದ್ದು ಯಾವ ಭಾಷಣಕ್ಕಿಂತ ಹೆಚ್ಚಾಗಿ ಊರಿನ ಬಾಯಿ ಮುಚ್ಚಿಸಿತು. ಕೊಟ್ಟಿಗೆಯ ಹುಡುಗ ಮಾತ್ರ ಅಷ್ಟು ದಿನ ಬದುಕಲಿಲ್ಲ.

1996ರಲ್ಲಿ ಬಳ್ಳಾರಿಯ ಮಾದರಿಯೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಗಿ, ಮುಂದೆ ಹಬ್ಬಿತು. ಹಾಗಿದ್ದೂ 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಜನ ಓಡಲಾರದೆ ಸತ್ತರು. 2017ರ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಒಳ್ಳೆಯದೇ. ಆದರೆ ಸರಪಳಿ ಬಿಚ್ಚಿದ ಮೇಲೆ ಕೈಗೆ ಮಾತ್ರೆ ಬರಬೇಕಲ್ಲ! ಆರೋಗ್ಯ ಕೇಂದ್ರದ ಕಪಾಟು ಖಾಲಿಯಾದ ತಿಂಗಳು, ಕಾಯ್ದೆ ಇದ್ದರೂ ಧಾರವಾಡ ಮೊದಲಿನಷ್ಟೇ ದೂರ.